ಒಂದೇ ಹೆಸರು, ಎರಡು ಬೆಲೆ: ಮೇವೆದರ್–ಪಕಿಯಾವೊ ಎದುರಾಳಿಗಳ ಲೆಕ್ಕ

ಬಾಕ್ಸಿಂಗ್‌ನಲ್ಲಿ ಫ್ಲಾಯ್ಡ್ ಮೇವೆದರ್ ಮೇಲೋ ಮ್ಯಾನಿ ಪಕಿಯಾವೊ ಮೇಲೋ ಎಂಬ ವಾದ ಶುರುವಾದ ಕೂಡಲೇ ಹೆಸರುಗಳ ಪಟ್ಟಿ ಹೊರಗೆ ಬರುತ್ತದೆ. ಆಸ್ಕರ್ ಡೆ ಲಾ ಹೋಯಾ, ರಿಕಿ ಹ್ಯಾಟನ್, ಷೇನ್ ಮೋಸ್ಲಿ, ಮಿಗೆಲ್ ಕೋಟೊ, ಹ್ವಾನ್ ಮನುಯೆಲ್ ಮಾರ್ಕೆಜ್. ಈ ಐವರನ್ನೂ ಇಬ್ಬರೂ ಸೋಲಿಸಿದ್ದಾರೆ, ಹಾಗಾಗಿ ಲೆಕ್ಕ ಸಮ ಎಂದು ಕೆಲವರು ಹೇಳುತ್ತಾರೆ. ಪಕಿಯಾವೊ ಇವರಲ್ಲಿ ಮೂವರನ್ನು ನಿಗದಿತ ಸುತ್ತು ಮುಗಿಯುವ ಮೊದಲೇ ಮುಗಿಸಿದ, ಮೇವೆದರ್ ಒಬ್ಬನನ್ನು ಮಾತ್ರ, ಹಾಗಾಗಿ ಪಕಿಯಾವೊನೇ ಮೇಲು ಎಂದು ಇನ್ನು ಕೆಲವರು. ಎರಡೂ ಅವಸರದ ಲೆಕ್ಕ. ಸೋತವನ ಹೆಸರು ನೋಡಿ ಗೆಲುವಿಗೆ ಬೆಲೆ ಕಟ್ಟಲಾಗದು. ಆ ದಿನ, ಆ ತೂಕಕ್ಕೆ ಇಳಿದು ಅಥವಾ ಏರಿ, ಆ ವಯಸ್ಸಿನಲ್ಲಿ ರಿಂಗಿನೊಳಗೆ ನಿಂತ ಮನುಷ್ಯನನ್ನು ತೂಗಬೇಕು. ಈ ಐವರ ವಿರುದ್ಧ ಇಬ್ಬರೂ ಆಡಿದ ಪಂದ್ಯಗಳು ಒಟ್ಟು 13. ಅವನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಚಿತ್ರವೇ ಬೇರೆ.

ಮೊದಲು ಒಟ್ಟು ಗೆಲುವುಗಳ ಸಂಖ್ಯೆಯನ್ನು ಪಕ್ಕಕ್ಕಿಡಿ. ಮೇವೆದರ್ 50 ಪಂದ್ಯ ಆಡಿ 50 ಗೆದ್ದ, ರಾಕಿ ಮಾರ್ಸಿಯಾನೊ 49ಕ್ಕೆ 49. ಹೂಲಿಯೊ ಸೀಸರ್ ಚಾವೆಜ್ 1993ರಲ್ಲಿ ಪರ್ನೆಲ್ ವಿಟೇಕರ್ ಎದುರು ನಿಲ್ಲುವಾಗ ಅವನ ಹೆಸರಿನಲ್ಲಿ ಸೋಲಿಲ್ಲದ 87 ಗೆಲುವುಗಳಿದ್ದವು. ಆ 87ರಲ್ಲಿ ದೊಡ್ಡ ಪಾಲು ವಿಶ್ವ ರ‍್ಯಾಂಕಿಂಗ್‌ನ ಹತ್ತಿರವೂ ಸುಳಿಯದವರ ಮೇಲೆ ಬಂದದ್ದು. ಬಾಕ್ಸರ್ ಬೆಳೆಯುವ ಹಂತದಲ್ಲಿ ಹಾಗಾಗುವುದು ಸಹಜ, ತಪ್ಪೇನೂ ಅಲ್ಲ. ಹೋಲಿಸುವಾಗ ಮಾತ್ರ ಪ್ರತಿಯೊಬ್ಬನ ಅತ್ಯುತ್ತಮ ಎಂಟೋ ಹತ್ತೋ ಗೆಲುವುಗಳನ್ನಷ್ಟೇ ಎತ್ತಿಕೊಳ್ಳಬೇಕು. ಉಳಿದವು ತಕ್ಕಡಿಯನ್ನು ಅಲುಗಿಸುವುದಿಲ್ಲ.

ಪ್ರತಿ ಪಂದ್ಯಕ್ಕೂ ಎದುರಾಳಿಯ ಬಗ್ಗೆ ಮೂರು ಬಾಬ್ತು ಬರೆದುಕೊಳ್ಳಿ. ಒಂದು, ತೂಕ. ಆ ತೂಕದಲ್ಲಿ ಅವನು ಹಿಂದೆ ಎಷ್ಟು ಸಲ ಆಡಿದ್ದ? ಒಪ್ಪಂದದಲ್ಲಿ ಕ್ಯಾಚ್‌ವೇಟ್, ಅಂದರೆ ವಿಭಾಗದ ಮಿತಿಯನ್ನು ಬಿಟ್ಟು ಇಬ್ಬರೂ ಒಪ್ಪಿಕೊಂಡ ಬೇರೆ ಮಿತಿ, ಇತ್ತೇ? ಎರಡು, ದೇಹ. ವಯಸ್ಸು, ಹಿಂದಿನ ಪಂದ್ಯದಿಂದ ಎಷ್ಟು ತಿಂಗಳ ಬಿಡುವು, ಅದಕ್ಕೂ ಮುಂಚೆ ತಿಂದ ಹೊಡೆತ. ಮೂರು, ಫಾರ್ಮ್. ಕೊನೆಯ ಮೂರು ಪಂದ್ಯಗಳ ಫಲಿತಾಂಶ ಮತ್ತು ಆ ವಿಭಾಗದಲ್ಲಿ ಅವನಿಗಿದ್ದ ಸ್ಥಾನ. ಮೂರೂ ಸರಿಯಿದ್ದರೆ ಒಂದನೇ ದರ್ಜೆಯ ಎದುರಾಳಿ. ಒಂದು ಕುಂಟಿದರೆ ಎರಡನೇ ದರ್ಜೆ, ಎರಡು ಕುಂಟಿದರೆ ಮೂರನೆಯದು. ದಶಮಾಂಶದಲ್ಲಿ ಅಂಕ ಕೊಡಲು ಹೋಗಬೇಡಿ. 8.4ಕ್ಕೂ 8.1ಕ್ಕೂ ಇರುವ ಅಂತರವನ್ನು ಯಾರೂ ಸಮರ್ಥಿಸಲಾರರು, ಆದರೆ ಆ ಅಂಕಿ ಕಂಡ ಕೂಡಲೇ ಓದುವವರು ಅದನ್ನು ನಂಬಿಬಿಡುತ್ತಾರೆ.

ಈಗ ಡೆ ಲಾ ಹೋಯಾ. 2007ರ ಮೇ 5ರಂದು ಮೇವೆದರ್ ಎದುರಿಸಿದಾಗ ಅವನಿಗೆ 34 ವರ್ಷ. ಪಂದ್ಯ 154 ಪೌಂಡ್ ವಿಭಾಗದಲ್ಲಿ, ಡಬ್ಲ್ಯೂಬಿಸಿ ಎಂಬ ಸಂಸ್ಥೆಯ ಬೆಲ್ಟ್, ಅಂದರೆ ಚಾಂಪಿಯನ್ ಪಟ್ಟ, ಅವನದೇ. ಆದರೆ 2004ರ ಸೆಪ್ಟೆಂಬರ್‌ನಲ್ಲಿ ಬರ್ನಾರ್ಡ್ ಹಾಪ್ಕಿನ್ಸ್‌ಗೆ ಸೋತ ಮೇಲೆ ಅವನು ಆಡಿದ್ದು ಒಂದೇ ಪಂದ್ಯ. ತೂಕ ಸರಿ, ಸ್ಥಾನ ಸರಿ, ದೇಹಕ್ಕೆ ಅಭ್ಯಾಸ ಕಡಿಮೆ: ಎರಡನೇ ದರ್ಜೆ. ಮೇವೆದರ್‌ಗೆ ಇದು 154 ಪೌಂಡಿನ ಮೊದಲ ಪಂದ್ಯ, ಗೆದ್ದದ್ದು ಸ್ಪ್ಲಿಟ್ ತೀರ್ಪಿನಲ್ಲಿ, ಮೂವರಲ್ಲಿ ಒಬ್ಬ ತೀರ್ಪುಗಾರ ಡೆ ಲಾ ಹೋಯಾ ಪರ.

2008ರ ಡಿಸೆಂಬರ್ 6ರಂದು ಪಕಿಯಾವೊ ಎದುರು ನಿಂತದ್ದು ಬೇರೆಯೇ ಡೆ ಲಾ ಹೋಯಾ. 147 ಪೌಂಡ್ ಮಿತಿಗೆ ಅವನು ಇಳಿದದ್ದು 2001ರ ನಂತರ ಇದೇ ಮೊದಲು. ಅಷ್ಟೇ ಅಲ್ಲ, 147ಕ್ಕೆ ಅವಕಾಶವಿದ್ದರೂ ತಕ್ಕಡಿ ಏರಿದಾಗ 145 ಇದ್ದ. ಬಲಿಷ್ಠ ದೊಡ್ಡ ಬಾಕ್ಸರ್ ಮಿತಿಗಿಂತ ಎರಡು ಪೌಂಡ್ ಕೆಳಗೆ ಬಂದರೆ ಅದನ್ನು ಶಿಸ್ತು ಎಂದುಕೊಳ್ಳಬಾರದು. ನೀರು, ಕೊಬ್ಬು ಮುಗಿದು ಸ್ನಾಯು ಕರಗಿದೆ ಎಂಬ ಸೂಚನೆ ಅದು. ಪಂದ್ಯದಲ್ಲಿ ಅವನ ಜಬ್‌ಗೆ, ಅಂದರೆ ಮುಂದಿನ ಕೈಯ ನೇರ ಹೊಡೆತಕ್ಕೆ, ಜೀವವೇ ಇರಲಿಲ್ಲ. ಎಂಟನೇ ಸುತ್ತಿನ ನಂತರ ಸ್ಟೂಲಿನಿಂದ ಏಳದೆ ಸೋಲೊಪ್ಪಿದ, ಮತ್ತೆಂದೂ ವೃತ್ತಿಪರ ಪಂದ್ಯ ಆಡಲಿಲ್ಲ. ಮೂರನೇ ದರ್ಜೆ.

ಇಲ್ಲಿ ಪಕಿಯಾವೊ ಅಭಿಮಾನಿಗಳು ಒಂದು ನ್ಯಾಯವಾದ ಮಾತು ಎತ್ತುತ್ತಾರೆ: ಅವನು ಅದೇ ವರ್ಷ ಜೂನ್‌ನಲ್ಲಿ 135 ಪೌಂಡ್‌ನಲ್ಲಿ ಆಡಿದವನು, ಆರು ತಿಂಗಳಲ್ಲಿ ಎರಡು ವಿಭಾಗ ಮೇಲೆ ಹಾರಿದ. ಹೌದು, ಅದು ದೊಡ್ಡ ಎದೆಗಾರಿಕೆ. ಪಂದ್ಯಕ್ಕೆ ಮೊದಲು ಬಹಳ ಜನ ಈ ಹುಡುಗನಿಗೆ ಪೆಟ್ಟಾಗುತ್ತದೆ ಎಂದೇ ಹೆದರಿದ್ದರು. ಆದರೆ ಸಾಹಸದ ಲೆಕ್ಕ ಬೇರೆ, ಎದುರಾಳಿಯ ಗುಣಮಟ್ಟದ ಲೆಕ್ಕ ಬೇರೆ. ಸವಾಲು ಒಪ್ಪಿಕೊಂಡ ದಿನದ ಅಪಾಯವನ್ನು ಒಂದು ಕಾಲಮ್ಮಿನಲ್ಲಿ ಬರೆಯಿರಿ, ಪಂದ್ಯದ ರಾತ್ರಿ ಎದುರಿಗೆ ಏನಿತ್ತು ಎಂಬುದನ್ನು ಇನ್ನೊಂದರಲ್ಲಿ. ಎರಡನ್ನೂ ಕಲಸಿದರೆ ಯಾವ ವಾದವೂ ಮುಗಿಯುವುದಿಲ್ಲ.

ಹ್ಯಾಟನ್ ವಿಷಯದಲ್ಲಿ ತಕ್ಕಡಿ ಪಕಿಯಾವೊ ಕಡೆಗೆ ವಾಲುತ್ತದೆ. 2007ರ ಡಿಸೆಂಬರ್‌ನಲ್ಲಿ ಅವನು 43 ಪಂದ್ಯ ಆಡಿ ಸೋಲು ಕಾಣದವನು, ಆದರೆ ಮೇವೆದರ್ ಜತೆಗಿನ ಪಂದ್ಯ 147 ಪೌಂಡ್‌ನಲ್ಲಿ. ಹ್ಯಾಟನ್ ಮೈಕಟ್ಟು 140ಕ್ಕೆ ಹೇಳಿ ಮಾಡಿಸಿದ್ದು. 2006ರಲ್ಲಿ 147ಕ್ಕೆ ಏರಿ ಲೂಯಿಸ್ ಕೊಲಾಜೊ ಜತೆ ಆಡಿದಾಗಲೇ ಅವನ ತಳ್ಳಾಟ ದೊಡ್ಡವರ ಮುಂದೆ ನಡೆಯುವುದಿಲ್ಲ ಎಂಬುದು ಕಂಡಿತ್ತು. ತೂಕದ ಬಾಬ್ತು ಕುಂಟಿತು, ಎರಡನೇ ದರ್ಜೆ. ಮೇವೆದರ್ ಹತ್ತನೇ ಸುತ್ತಿನಲ್ಲಿ ಮುಗಿಸಿದ. 2009ರ ಮೇ 2ರಂದು ಪಕಿಯಾವೊ ಎದುರಿಸಿದ್ದು ತನ್ನದೇ 140 ಪೌಂಡ್‌ನಲ್ಲಿ ನಿಂತ ಹ್ಯಾಟನ್‌ನನ್ನು. 2005ರಲ್ಲಿ ಕೋಸ್ಟ್ಯ ಜೂನನ್ನು ಮಣಿಸಿದ ನಂತರ ಆ ವಿಭಾಗದಲ್ಲಿ ಅವನೇ ದೊರೆ, ಅಲ್ಲಿ ಒಮ್ಮೆಯೂ ಸೋತಿರಲಿಲ್ಲ. ವಯಸ್ಸು 30, ಹಿಂದಿನ ಎರಡು ಪಂದ್ಯ ಗೆದ್ದಿದ್ದ. ಮೇವೆದರ್ ಕೈಲಿ ಒಮ್ಮೆ ಮಲಗಿದ್ದವನು ಎಂಬ ಆಕ್ಷೇಪ ಇದೆ, ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಮೊದಲ ಸುತ್ತಿನಲ್ಲಿ ಎರಡು ಸಲ ಬೀಳಿಸಿ, ಎರಡನೇ ಸುತ್ತಿನ ಕೊನೆಯಲ್ಲಿ ಒಂದೇ ಎಡ ಹುಕ್‌ಗೆ (ಪಕ್ಕದಿಂದ ಬೀಸುವ ಹೊಡೆತ) ಕೆಡವಿದ ಆ ಗೆಲುವು ಒಂದನೇ ದರ್ಜೆಯವನ ಮೇಲೆ ಬಂದದ್ದು.

ಮೋಸ್ಲಿ ವಿಚಾರಕ್ಕೆ ಹೆಚ್ಚು ಮಾತು ಬೇಡ. ಮೇವೆದರ್ ಸಿಕ್ಕಿದಾಗ 38, ಆಂಟೋನಿಯೊ ಮಾರ್ಗರಿಟೊನನ್ನು ಮಣಿಸಿದ ನಂತರ 15 ತಿಂಗಳು ರಿಂಗಿಗೆ ಇಳಿದಿರಲಿಲ್ಲ. ಆದರೂ ಎರಡನೇ ಸುತ್ತಿನಲ್ಲಿ ಅವನ ಬಲಗೈ ಹೊಡೆತಕ್ಕೆ ಮೇವೆದರ್ ಕಾಲು ಅದುರಿದ್ದನ್ನು ಎಲ್ಲರೂ ನೋಡಿದ್ದಾರೆ. ಎರಡನೇ ದರ್ಜೆ. ಒಂದು ವರ್ಷ ಕಳೆದು ಪಕಿಯಾವೊಗೆ ಸಿಕ್ಕಿದಾಗ 39, ನಡುವೆ ಸರ್ಜಿಯೊ ಮೋರಾ ಜತೆ ಡ್ರಾ ಮಾಡಿಕೊಂಡಿದ್ದ, ಮೂರನೇ ಸುತ್ತಿನಲ್ಲಿ ಬಿದ್ದ ಮೇಲೆ ಹಿಂದೆ ಹಿಂದೆ ಸರಿಯುತ್ತಲೇ ಉಳಿದ. ಮೂರನೇ ದರ್ಜೆ.

ಕೋಟೊ ಪ್ರಕರಣ ಇದಕ್ಕಿಂತ ಜಟಿಲ. 2008ರ ಜುಲೈನಲ್ಲಿ ಮಾರ್ಗರಿಟೊ ಅವನನ್ನು ಜಜ್ಜಿ ಹಾಕಿದ್ದ. ಆರು ತಿಂಗಳ ನಂತರ ಮೋಸ್ಲಿ ಪಂದ್ಯಕ್ಕೆ ಮುನ್ನ ಮಾರ್ಗರಿಟೊನ ಕೈಪಟ್ಟಿಯಲ್ಲಿ ಗಟ್ಟಿಯಾಗುವ ಪದಾರ್ಥ ಸಿಕ್ಕಿದ್ದರಿಂದ ಆ ಪೆಟ್ಟುಗಳ ಬಗೆಗೂ ಅನುಮಾನ ಉಳಿಯಿತು. ಪಕಿಯಾವೊ 2009ರ ನವೆಂಬರ್‌ನಲ್ಲಿ ಎದುರಿಸಿದ್ದು ಆ ಹೊಡೆತ ತಿಂದು 16 ತಿಂಗಳಾಗಿದ್ದ ಕೋಟೊನನ್ನು, ಅದೂ 145 ಪೌಂಡ್ ಕ್ಯಾಚ್‌ವೇಟ್‌ನಲ್ಲಿ. 2 ಪೌಂಡ್ ಕಡಿಮೆ ಎಂಬುದು ಕೇಳಲು ಸಣ್ಣದು, ಆದರೆ 147ಕ್ಕೇ ಕಷ್ಟಪಟ್ಟು ಇಳಿಯುವವನಿಗೆ ಆ ಕೊನೆಯ ಎರಡೇ ಕಠಿಣ. ಅದನ್ನು ಅರ್ಧ ಕುಂಟು ಎಂದುಕೊಂಡು ಎರಡನೇ ದರ್ಜೆ ಕೊಡುತ್ತೇನೆ. ಮೇವೆದರ್ 2012ರ ಮೇನಲ್ಲಿ ಕೋಟೊನ ಬಳಿಗೇ 154ಕ್ಕೆ ಏರಿದ. ಕ್ಯಾಚ್‌ವೇಟ್ ಇಲ್ಲ, ಬೆಲ್ಟ್ ಕೋಟೊನದು, ವಯಸ್ಸು 31, ಆ ವಿಭಾಗದಲ್ಲಿ ಸತತ ಮೂರು ಗೆಲುವು, ಕೊನೆಯದು ಮಾರ್ಗರಿಟೊ ಮೇಲೆ ಸೇಡು ತೀರಿಸಿದ್ದು. ಆ ರಾತ್ರಿ ಮೇವೆದರ್ ಮೂಗಿನಿಂದ ರಕ್ತ ಸುರಿಯಿತು. ಈ ಐವರ ಪೈಕಿ ಮೇವೆದರ್ ಪಾಲಿನ ಒಂದೇ ಒಂದನೇ ದರ್ಜೆಯ ಗೆಲುವು ಇದು.

ಮಾರ್ಕೆಜ್ ಹೆಸರನ್ನು ಮೇವೆದರ್ ಪಟ್ಟಿಯಲ್ಲಿ ಮೇಲಕ್ಕೆ ಬರೆಯುವವರು ತೂಕದ ಕಾಗದ ನೋಡಿಲ್ಲ. 2009ರ ಸೆಪ್ಟೆಂಬರ್‌ವರೆಗೆ ಮಾರ್ಕೆಜ್ 135ಕ್ಕಿಂತ ಮೇಲೆ ಆಡಿದವನೇ ಅಲ್ಲ. ಒಪ್ಪಂದ 144 ಪೌಂಡ್‌ಗೆ ಆಗಿತ್ತು, ಮಾರ್ಕೆಜ್ 142ಕ್ಕೆ ಬಂದ, ಮೇವೆದರ್ 146ಕ್ಕೆ ಬಂದು 6 ಲಕ್ಷ ಡಾಲರ್ ದಂಡ ಕಟ್ಟಿದ. ಫಾರ್ಮ್ ಎಷ್ಟೇ ಚೆನ್ನಾಗಿರಲಿ, ಒಂದೇ ಬಾಬ್ತು ಇಷ್ಟೊಂದು ಕುಸಿದರೆ ಅದೊಂದಕ್ಕೇ ಮೂರನೇ ದರ್ಜೆಗೆ ಇಳಿಸುವುದು ನ್ಯಾಯ. ಪಕಿಯಾವೊ ಇದೇ ಮಾರ್ಕೆಜ್ ಜತೆ ನಾಲ್ಕು ಸಲ, ಒಟ್ಟು 42 ಸುತ್ತು ಕಾದಾಡಿದ. 2004ರಲ್ಲಿ 126 ಪೌಂಡ್‌ನಲ್ಲಿ, ಮೊದಲ ಸುತ್ತಿನಲ್ಲೇ ಮೂರು ಸಲ ಬೀಳಿಸಿಯೂ ಡ್ರಾ. 2008ರಲ್ಲಿ 130ರಲ್ಲಿ ಸ್ಪ್ಲಿಟ್ ತೀರ್ಪಿನ ಗೆಲುವು. 2011ರಲ್ಲಿ 144ರಲ್ಲಿ ವಿವಾದದ ಗೆಲುವು. 2012ರ ಡಿಸೆಂಬರ್‌ನಲ್ಲಿ 147ರಲ್ಲಿ ಆರನೇ ಸುತ್ತಿನ ನಾಕೌಟ್ ಸೋಲು. ಮೊದಲ ಎರಡರಲ್ಲಿ ಮಾರ್ಕೆಜ್ ಒಂದನೇ ದರ್ಜೆ, ನಂತರದ ಎರಡರಲ್ಲಿ ವಯಸ್ಸಿನಿಂದಾಗಿ ಎರಡನೇ ದರ್ಜೆ. ಹಾಗೆಂದು 2012ರ ಸೋಲು ಹಗುರವಾಗುವುದಿಲ್ಲ. ಎದುರಾಳಿಯ ದರ್ಜೆ ಇಳಿದಷ್ಟೂ ಸೋಲಿನ ತೂಕ ಹೆಚ್ಚುತ್ತದೆ.

ಒಟ್ಟು ನೋಡಿದರೆ ಪಕಿಯಾವೊನ ಶಿಖರಗಳು ಎತ್ತರ, ಕಣಿವೆಗಳೂ ಆಳ. ಮೇವೆದರ್‌ನದು ಹೆಚ್ಚು ಏರಿಳಿತವಿಲ್ಲದ ಮಧ್ಯಮ ಎತ್ತರ.

ಇಬ್ಬರೂ ಎದುರಿಸಿದವರ ಲೆಕ್ಕ ಇಷ್ಟಕ್ಕೇ ನಿಲ್ಲಬೇಕು. ಅದರಿಂದ ಇಬ್ಬರು ಕಾದಾಡಿದರೆ ಯಾರು ಗೆಲ್ಲುತ್ತಾರೆ ಎಂದು ಹೇಳಲಾಗದು. 1971ರಲ್ಲಿ ಜೋ ಫ್ರೇಜಿಯರ್, 1973ರಲ್ಲಿ ಕೆನ್ ನಾರ್ಟನ್ ಮೊಹಮ್ಮದ್ ಅಲಿಯನ್ನು ಸೋಲಿಸಿದರು. ಜಾರ್ಜ್ ಫೋರ್ಮನ್ ಇಬ್ಬರನ್ನೂ ಎರಡೆರಡೇ ಸುತ್ತಿನಲ್ಲಿ ಮುಗಿಸಿದ. ಆ ಫೋರ್ಮನ್‌ನನ್ನು 1974ರ ಅಕ್ಟೋಬರ್‌ನಲ್ಲಿ ಕಿನ್ಶಾಸಾದಲ್ಲಿ ಅಲಿ ಎಂಟನೇ ಸುತ್ತಿನಲ್ಲಿ ಮಲಗಿಸಿದ. ಬಗ್ಗಿ ಒಳನುಗ್ಗುವ ಫ್ರೇಜಿಯರ್ ಫೋರ್ಮನ್‌ನ ಅಪ್ಪರ್‌ಕಟ್‌ಗೆ (ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತ) ತಾನಾಗಿ ಸಿಗುತ್ತಿದ್ದ. ಅಲಿಯ ಉದ್ದ ಕೈ ಮತ್ತು ಹೊಡೆತ ತಾಳುವ ಶಕ್ತಿ ಫೋರ್ಮನ್‌ಗೆ ಬೇರೆಯೇ ಸಮಸ್ಯೆ. ಶೈಲಿ ಬದಲಾದರೆ ಸರಪಳಿ ಕಳಚುತ್ತದೆ.

ಇನ್ನೊಂದು ಕಡೆ ಬಹಳ ಜನ ಎಡವುತ್ತಾರೆ: ಸೋತವನು ಮುಂದೆ ಏನಾದ ಎಂಬುದನ್ನು ನೋಡಿ ಗೆಲುವಿನ ಬೆಲೆ ಇಳಿಸುವುದು. 1990ರ ಮಾರ್ಚ್ 17ರಂದು ಚಾವೆಜ್ ಎದುರು ಮೆಲ್ಡ್ರಿಕ್ ಟೇಲರ್ ಇಬ್ಬರು ತೀರ್ಪುಗಾರರ ಅಂಕದ ಕಾರ್ಡಿನಲ್ಲಿ ಬಹಳ ಮುಂದಿದ್ದ. ಹನ್ನೆರಡನೇ ಸುತ್ತಿನಲ್ಲಿ ಎರಡು ಸೆಕೆಂಡ್ ಉಳಿದಿರುವಾಗ ರೆಫರಿ ನಿಲ್ಲಿಸಿದ. ಟೇಲರ್ ಮತ್ತೆ ಹಳೆಯ ಟೇಲರ್ ಆಗಲೇ ಇಲ್ಲ. ಅವನ ನಂತರದ ಸೋಲುಗಳನ್ನು ತೋರಿಸಿ ಚಾವೆಜ್ ಗೆದ್ದದ್ದು ಸಾಮಾನ್ಯನನ್ನು ಎನ್ನುವುದು ಅನ್ಯಾಯ, ಏಕೆಂದರೆ ಆ ಕುಸಿತವೇ ಚಾವೆಜ್‌ನ ಕೆಲಸ. ಎದುರಾಳಿ ನಂತರ ಮೇಲೇರಿದರೂ ಎಚ್ಚರ ಬೇಕು. 2013ರಲ್ಲಿ ಮೇವೆದರ್ ಸೋಲಿಸಿದ ಕನೆಲೊ ಅಲ್ವಾರೆಜ್‌ಗೆ ಆಗ 23, ಪಂದ್ಯ 152ರ ಕ್ಯಾಚ್‌ವೇಟ್. ನಂತರದ ಕನೆಲೊನ ಕೀರ್ತಿಯನ್ನೆಲ್ಲ ಆ ರಾತ್ರಿಗೆ ಜಮಾ ಮಾಡಬಾರದು, ಆದರೆ ಅವನೊಳಗೆ ಆಗಲೇ ಸರಕಿತ್ತು ಎಂಬುದಕ್ಕೆ ಅದು ಸಾಕ್ಷಿ. ಎರಡನೇ ದರ್ಜೆ, ಅದರಲ್ಲೂ ಮೇಲಿನ ತುದಿ.

ಬೆಲ್ಟ್‌ಗಳನ್ನು ಎಣಿಸುವುದರಿಂದ ಹೆಚ್ಚು ಉಪಯೋಗವಿಲ್ಲ. ಡಬ್ಲ್ಯೂಬಿಸಿ, ಡಬ್ಲ್ಯೂಬಿಎ, ಐಬಿಎಫ್, ಡಬ್ಲ್ಯೂಬಿಒ ಎಂಬ ನಾಲ್ಕು ಸಂಸ್ಥೆಗಳಿಗೂ ಬೇರೆ ಬೇರೆ ಚಾಂಪಿಯನ್ನರು ಇರಬಹುದು, ಡಬ್ಲ್ಯೂಬಿಎಯಂತೂ ಒಂದೇ ವಿಭಾಗದಲ್ಲಿ ‘ಸೂಪರ್’ ಮತ್ತು ‘ರೆಗ್ಯುಲರ್’ ಎಂದು ಇಬ್ಬರಿಗೆ ಪಟ್ಟ ಕಟ್ಟಿದ್ದುಂಟು. ಪಕಿಯಾವೊನ ಅತ್ಯುತ್ತಮ ಗೆಲುವು ಎಂದು ನಾನು ಎಣಿಸುವ 2003ರ ನವೆಂಬರ್‌ನ ಮಾರ್ಕೊ ಆಂಟೋನಿಯೊ ಬರೇರಾ ಪಂದ್ಯಕ್ಕೆ ಈ ನಾಲ್ಕರ ಯಾವ ಬೆಲ್ಟೂ ಪಣಕ್ಕಿರಲಿಲ್ಲ. ಬರೇರಾಗೆ 29, ತನ್ನದೇ 126 ಪೌಂಡ್, ಹಿಂದಿನ ವರ್ಷವಷ್ಟೇ ಎರಿಕ್ ಮೊರಾಲೆಸ್‌ನನ್ನು ಮಣಿಸಿದ್ದವನು. ಪಕಿಯಾವೊ 122ರಿಂದ ಏರಿ ಬಂದು ಹನ್ನೊಂದನೇ ಸುತ್ತಿನಲ್ಲಿ ಮುಗಿಸಿದ. ಮೂರು ಬಾಬ್ತಿನಲ್ಲಿ ಒಂದೂ ಕುಂಟಿಲ್ಲ.

ಮೊರಾಲೆಸ್ ವಿಷಯದಲ್ಲಿ ಮಾತ್ರ ಪಕಿಯಾವೊಗೆ ಜನ ಕೊಡುವ ಅಂಕ ಜಾಸ್ತಿಯಾಯಿತು. 2005ರ ಮಾರ್ಚ್‌ನಲ್ಲಿ ಒಂದನೇ ದರ್ಜೆಯ ಮೊರಾಲೆಸ್‌ಗೆ ಅವನು ಸೋತ. 2006ರಲ್ಲಿ ಎರಡು ಸಲ ಗೆದ್ದದ್ದು ಝಹೀರ್ ರಹೀಮ್‌ಗೆ ಸೋತು ಬಂದು, 130ಕ್ಕೆ ಇಳಿಯಲು ಒದ್ದಾಡುತ್ತಿದ್ದ ಮೊರಾಲೆಸ್‌ನನ್ನು. ಮೇವೆದರ್ ಕಡೆ ಇಂಥದ್ದೇ ತೊಡಕು 2002ರ ಏಪ್ರಿಲ್‌ನ ಹೊಸೆ ಲೂಯಿಸ್ ಕಾಸ್ಟಿಯೊ ಪಂದ್ಯ. ಎದುರಾಳಿ 135ರ ಹಾಲಿ ಚಾಂಪಿಯನ್, ಒಂದನೇ ದರ್ಜೆ, ಆದರೆ ಗೆದ್ದದ್ದು ಕಾಸ್ಟಿಯೊನೇ ಎಂದು ಇಂದಿಗೂ ಹೇಳುವವರಿದ್ದಾರೆ. ಇಂಥಲ್ಲಿ ಎದುರಾಳಿಯ ದರ್ಜೆಯನ್ನು ಹಾಗೇ ಬಿಟ್ಟು ಗೆಲುವಿಗೆ ಅರ್ಧ ಬೆಲೆ ಕೊಡಿ. ಅದೇ ಡಿಸೆಂಬರ್‌ನಲ್ಲಿ ಮೇವೆದರ್ ಮತ್ತೆ ಅವನನ್ನೇ ಎದುರಿಸಿ ಗೆದ್ದದ್ದರಿಂದ ಉಳಿದರ್ಧವೂ ಸಂದಾಯವಾಯಿತು ಎಂಬುದು ನನ್ನ ತೀರ್ಮಾನ.

2015ರ ಮೇ 2ರಂದು ಇವರಿಬ್ಬರೇ ಎದುರುಬದುರಾದ ಪಂದ್ಯಕ್ಕೂ ಇದೇ ಅಳತೆ. 147 ಪಕಿಯಾವೊನ ತೂಕವೇ, ಕೊನೆಯ ಮೂರು ಪಂದ್ಯ ಗೆದ್ದಿದ್ದ. ಆದರೆ ವಯಸ್ಸು 36, ಮಾರ್ಕೆಜ್‌ನ ಆ ನಾಕೌಟ್ ತಿಂದು ಎರಡೂವರೆ ವರ್ಷ, ಭುಜದ ಗಾಯಕ್ಕೆ ಪಂದ್ಯದ ನಂತರ ಶಸ್ತ್ರಚಿಕಿತ್ಸೆ. ದೇಹದ ಬಾಬ್ತು ಕುಂಟಿತು: ಎರಡನೇ ದರ್ಜೆಯ ಎದುರಾಳಿ. 118-110, 116-112, 116-112 ಎಂದು ಮೇವೆದರ್ ಪರ ಬಂದ ತೀರ್ಪಿನಲ್ಲಿ ವಿವಾದವಿಲ್ಲ, ಗೆಲುವಿಗೆ ಪೂರ್ಣ ಬೆಲೆ. 2009–10ರಲ್ಲಿ ಇವರಿಬ್ಬರ ಪಂದ್ಯದ ಮಾತುಕತೆ ಮುರಿಯದೆ ಇದ್ದಿದ್ದರೆ ಇದೇ ಸಾಲಿನಲ್ಲಿ ಒಂದನೇ ದರ್ಜೆ ಎಂದು ಬರೆಯಬಹುದಿತ್ತು.