ಡ್ರೆಸ್ಡೆನ್‌ಗೆ ಹೋದರೆ ಸೆಂಪರ್ ಸಿನಗಾಗ್ ಇದ್ದ ಜಾಗ ಬಿಡಬೇಡಿ

ಬರ್ಲಿನ್‌ನಿಂದ ಡ್ರೆಸ್ಡೆನ್‌ಗೆ ರೈಲಿನಲ್ಲಿ ಸುಮಾರು ಎರಡು ಗಂಟೆ, ಎರಡೂ ಜರ್ಮನಿಯ ಊರುಗಳು. ಜಾಸ್ತಿ ಜನ ಫ್ರೌಎನ್‌ಕಿರ್ಖೆ ಚರ್ಚು, ಸೆಂಪರ್ ಒಪೆರಾ ಎಂಬ ಸಂಗೀತ ನಾಟಕ ಮಂದಿರ ನೋಡಿ ವಾಪಸ್ ಹೊರಡುತ್ತಾರೆ. ಚರ್ಚಿನಿಂದ ಎಲ್ಬೆ ನದಿಯ ದಂಡೆ ಹಿಡಿದು ಪೂರ್ವಕ್ಕೆ ಸ್ವಲ್ಪ ನಡೆಯಿರಿ. ಯಹೂದಿಗಳ ಪ್ರಾರ್ಥನಾಲಯ, ಅಂದರೆ ಸಿನಗಾಗ್ ಸಿಗುತ್ತದೆ. ಆದರೆ ಹಳೇ ಕಟ್ಟಡ ಹುಡುಕಬೇಡಿ, ಅದು ಈಗಿಲ್ಲ.

1837ರ ತನಕ ಇಲ್ಲಿನ ಯಹೂದಿಗಳಿಗೆ ಸಾರ್ವಜನಿಕ ಪ್ರಾರ್ಥನಾಲಯ ಕಟ್ಟಲು ಅನುಮತಿಯೇ ಇರಲಿಲ್ಲ. ಮನೆಗಳಲ್ಲೇ ಪ್ರಾರ್ಥನೆ. ಕಾನೂನು ಬದಲಾದ ಮೇಲೆ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಸೆಂಪರ್ 1838ರಿಂದ 1840ರೊಳಗೆ ಸಿನಗಾಗ್ ಕಟ್ಟಿಕೊಟ್ಟರು. ಹೊರಗೆ ದುಂಡು ಕಮಾನು, ಬಾಗಿಲ ಅಕ್ಕಪಕ್ಕ ಎರಡು ಗೋಪುರ. ದೂರದಿಂದ ಹಳೇ ಚರ್ಚೇ ಅನ್ನಬೇಕು. ಒಳಗೆ ಮಾತ್ರ ಸ್ಪೇನಿನ ಮೂರಿಶ್ (ಅಲ್ಲಿನ ಹಳೇ ಮುಸ್ಲಿಂ ಶೈಲಿಯ) ಅಲಂಕಾರ. ಆಮೇಲೆ ಯುರೋಪಿನ ಎಷ್ಟೋ ಸಿನಗಾಗ್‌ಗಳು ಇದೇ ದಾರಿ ಹಿಡಿದವು. ನನಗಂತೂ ಸೆಂಪರ್ ಅವರ ಒಪೆರಾಗಿಂತ ಇದೇ ಧೈರ್ಯದ ಕೆಲಸ ಅನ್ನಿಸುತ್ತದೆ.

1938ರ ನವೆಂಬರ್ 9ರ ರಾತ್ರಿ ನಾಜಿಗಳು ಇದಕ್ಕೆ ಬೆಂಕಿ ಇಟ್ಟರು. ಉಳಿದ ಗೋಡೆಗಳನ್ನೂ ಕೆಡವಿಸಿದರು. ಅಗ್ನಿಶಾಮಕ ದಳದ ಆಲ್ಫ್ರೆಡ್ ನಾಯ್‌ಗೆಬಾವರ್ ಗೋಪುರದ ದಾವೀದನ ನಕ್ಷತ್ರವೊಂದನ್ನು (ಯಹೂದಿಗಳ ಆರು ಮೂಲೆಯ ಗುರುತು) ಎತ್ತಿಟ್ಟು, ಯುದ್ಧ ಮುಗಿಯುವ ತನಕ ಬಚ್ಚಿಟ್ಟಿದ್ದರು. ಈಗ ಅದು ಹೊಸ ಸಿನಗಾಗ್‌ನ ಬಾಗಿಲ ಮೇಲಿದೆ. ಮೊದಲು ಅದನ್ನೇ ನೋಡಿ.

ಹೊಸದು 2001ರಲ್ಲಿ ಉದ್ಘಾಟನೆ ಆಯಿತು, ಅದೂ ನವೆಂಬರ್ 9ರಂದೇ. ಕಿಟಕಿಯೇ ಇಲ್ಲದ ಗೋಡೆಗಳ ಕಲ್ಲಿನ ಡಬ್ಬ ಅದು. 34 ಸಾಲು ಕಲ್ಲು, ಒಂದೊಂದು ಸಾಲೂ ಕೆಳಗಿನದಕ್ಕಿಂತ ಚೂರು ತಿರುಗಿದೆ. ಜಾಗ ಉದ್ದಕ್ಕಿದ್ದು ನೇರ ಪೂರ್ವಕ್ಕಿಲ್ಲ, ಪ್ರಾರ್ಥನೆಗೆ ಪೂರ್ವ ಬೇಕು, ಅದಕ್ಕೇ ಈ ತಿರುಚು. ಮೂಲೆಯಲ್ಲಿ ನಿಂತು ಮೇಲಕ್ಕೆ ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಕೆಲವರಿಗೆ ಇದು ಬೋಳು ಬೋಳು ಅನ್ನಿಸಬಹುದು. ನನಗೆ ಇಷ್ಟವಾಯಿತು. ಯುದ್ಧದಲ್ಲಿ ಹಾಳಾದ ಚರ್ಚನ್ನೂ ಒಪೆರಾವನ್ನೂ ಹಿಂದಿದ್ದ ಹಾಗೇ ಕಟ್ಟಿದ ಊರು, ಇಲ್ಲಿ ಮಾತ್ರ ನಕಲು ಮಾಡಲಿಲ್ಲ ಅಲ್ವಾ? ಎದುರಿನ ಅಂಗಳದಲ್ಲಿ ಹಳೇ ಕಟ್ಟಡದ ಗುರುತನ್ನು ನೆಲದಲ್ಲೇ ಒಡೆದ ಗಾಜಿನ ಚೂರುಗಳಿಂದ ಮಾಡಿದ್ದಾರೆ. ಸುಮ್ನೆ ದಾಟಿ ಹೋಗಬೇಡಿ, ಗುರುತಿನ ಸುತ್ತ ಒಂದು ಸುತ್ತು ಹಾಕಿ. ಹಳೇ ಕಟ್ಟಡ ಎಷ್ಟಿತ್ತು ಅಂತ ತಿಳಿಯುತ್ತದೆ.

ಒಳಗೆ ನೋಡಬೇಕೆಂದರೆ ಗೈಡ್ ಜೊತೆಗಿನ ಭೇಟಿಯನ್ನು ಮೊದಲೇ ಬುಕ್ ಮಾಡಿ. ಶನಿವಾರ ಸಬ್ಬತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ, ಯಹೂದಿ ಹಬ್ಬಗಳೂ ಇರುತ್ತವೆ, ಆ ದಿನಗಳನ್ನು ಬಿಟ್ಟು ಪ್ಲಾನ್ ಮಾಡಿ. ಗಂಡಸರು ತಲೆ ಮುಚ್ಚಿಕೊಳ್ಳಬೇಕು, ಟೋಪಿ ಇರಲಿ. ಪಾಸ್‌ಪೋರ್ಟ್ ಕೂಡ ಇಟ್ಟುಕೊಳ್ಳಿ, ಭದ್ರತೆ ಬಿಗಿ. ಹತ್ತಿರದ ಕರೋಲಾ ಸೇತುವೆಯ ಒಂದು ಭಾಗ 2024ರಲ್ಲಿ ಕುಸಿದಿತ್ತು, ಆಮೇಲೆ ಉಳಿದದ್ದನ್ನೂ ಕೆಡವಿದರು, ಟ್ರಾಮ್ ಹತ್ತುವ ಮೊದಲು ಮಾರ್ಗ ನೋಡಿಕೊಳ್ಳಿ.