ಬಾಂಡ್ ಪೇಪರ್ ಮೇಲಿನ ಸೋಡಚೀಟಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ

ಕುಷ್ಟಗಿ ಇರಲಿ, ಮಾನ್ವಿ ಇರಲಿ, ಸಿರುಗುಪ್ಪ ಇರಲಿ, ಗಂಡ-ಹೆಂಡತಿ ಬೇರೆಯಾಗುವ ಮಾತು ನಮ್ಮ ಕಡೆ ಮೊದಲು ಬರುವುದು ಹಿರಿಯರ ಮುಂದೆ. ಎರಡೂ ಕಡೆಯವರು ಕೂಡುತ್ತಾರೆ. ಕೊಟ್ಟ ಬಂಗಾರ, ಭಾಂಡೆ-ಸಾಮಾನು, ಮದುವೆ ಖರ್ಚು ಎಲ್ಲದರ ಲೆಕ್ಕ ಆಗುತ್ತದೆ. ಬಾಂಡ್ ತಂದು 'ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವ ಹಕ್ಕೂ ಇಲ್ಲ' ಎಂದು ಬರೆಸಿ, ಇಬ್ಬರ ಸಹಿ, ಪಂಚರ ಸಹಿ ಹಾಕಿಸಿ, ನೋಟರಿ ಮುದ್ರೆ ಒತ್ತಿಸುತ್ತಾರೆ. ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಆಯಿತೆಂದು ಎಲ್ಲರೂ ಎದ್ದು ಹೋಗುತ್ತಾರೆ. ಆದರೆ ಕಾನೂನಿನ ಪ್ರಕಾರ ಆ ಮದುವೆ ಇನ್ನೂ ಹಾಗೇ ಇರುತ್ತದೆ.

ಹಿಂದೂ ವಿವಾಹ ಕಾಯ್ದೆಯ ಕಲಂ 29(2) ರೂಢಿಯಿಂದ ಬಂದ ವಿಚ್ಛೇದನವನ್ನು ಮಾನ್ಯ ಮಾಡುತ್ತದೆ, ನಿಜ. ಉಡಕಿ (ಹೆಣ್ಣಿನ ಮರುಮದುವೆ) ಪದ್ಧತಿ ಇರುವ ಸಮುದಾಯದವರು ಇದೇ ಕಲಮನ್ನು ಮುಂದಿಡುತ್ತಾರೆ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ, ತಪ್ಪದೆ ನಡೆದು ಬಂದಿದೆ ಎಂದು ಸಾಕ್ಷಿ ಸಮೇತ ರುಜುವಾತು ಮಾಡುವ ಹೊಣೆ ಅದನ್ನು ಹೇಳುವವರ ಮೇಲೇ ಬೀಳುತ್ತದೆ. ಬಾಂಡ್ ತೋರಿಸಿದರೆ ಸಾಲದು. ರುಜುವಾತು ಆಗದಿದ್ದರೆ ಎರಡನೇ ಮದುವೆ ಶೂನ್ಯ. ಭಾರತೀಯ ನ್ಯಾಯ ಸಂಹಿತೆಯ ಕಲಂ 82ರ ಅಡಿ ಅದು ಏಳು ವರ್ಷದವರೆಗೆ ಶಿಕ್ಷೆ ಆಗಬಹುದಾದ ಅಪರಾಧವೂ ಹೌದು. ಹೆಚ್ಚು ಪೆಟ್ಟು ಬೀಳುವುದು ಎರಡನೆಯವಳಾಗಿ ಬಂದ ಹೆಣ್ಣುಮಗಳಿಗೆ. ಗಂಡ ಸರ್ಕಾರಿ ನೌಕರನಾಗಿದ್ದು ತೀರಿಕೊಂಡರೆ ಕುಟುಂಬ ಪಿಂಚಣಿಗೆ ಕಚೇರಿಯವರು ಕೇಳುವುದು ಕೋರ್ಟಿನ ಡಿಕ್ರಿಯನ್ನು, ಅಂದರೆ ವಿಚ್ಛೇದನದ ಆದೇಶವನ್ನು. ಮಕ್ಕಳಿಗೆ ಹಿಂದೂ ವಿವಾಹ ಕಾಯ್ದೆಯ ಕಲಂ 16 ರಕ್ಷಣೆ ಕೊಡುತ್ತದೆ, ಅವರ ತಾಯಿಗೆ ಕೊಡುವುದಿಲ್ಲ.

ಹಾಗೆಂದು ಹಿರಿಯರು ಮಾಡಿದ ಕೆಲಸ ವ್ಯರ್ಥವಲ್ಲ. ಹಣ ಎಷ್ಟು, ಬಂಗಾರ ಯಾರಿಗೆ, ಮಗು ಎಲ್ಲಿ ಎಂಬುದನ್ನು ಅವರು ಬಗೆಹರಿಸಿದ್ದರೆ ಅರ್ಧ ದಾರಿ ಸವೆದಂತೆ. ಅದೇ ಒಪ್ಪಂದವನ್ನು ಕಲಂ 13ಬಿ ಅಡಿ, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಎಂದು ಕೋರ್ಟಿಗೆ ತನ್ನಿ. ಇಬ್ಬರೂ ಒಪ್ಪಿದ ಮೇಲೂ ಬಾಂಡಿಗೇ ನಿಲ್ಲುವುದು ನನ್ನ ಪ್ರಕಾರ ಈ ಭಾಗದಲ್ಲಿ ಆಗುತ್ತಿರುವ ಅತಿ ದೊಡ್ಡ ನಷ್ಟ.

ಕೇಸು ಯಾವ ಊರಲ್ಲಿ ಹಾಕಬೇಕು ಎಂಬುದನ್ನು ಕಲಂ 19 ಹೇಳುತ್ತದೆ: ಮದುವೆ ನಡೆದ ಊರು, ಇಬ್ಬರೂ ಕೊನೆಯದಾಗಿ ಕೂಡಿ ಬಾಳಿದ ಊರು, ಎದುರುದಾರರು ಈಗ ಇರುವ ಊರು. ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಈಗ ಇರುವ ಊರಲ್ಲೂ ಹಾಕಬಹುದು. ಆದೋನಿಯಲ್ಲಿ ಮದುವೆಯಾಗಿ ಸಿಂಧನೂರಿನ ತವರಿಗೆ ಬಂದವಳು ಆಂಧ್ರಕ್ಕೆ ಅಲೆಯಬೇಕಿಲ್ಲ. ಕುಟುಂಬ ನ್ಯಾಯಾಲಯದ ವ್ಯಾಪ್ತಿಯಲ್ಲಿರುವವರು ಅಲ್ಲಿಗೆ ಹೋಗಬೇಕು. ಆ ವ್ಯಾಪ್ತಿಗೆ ಸೇರದ ತಾಲೂಕುಗಳಲ್ಲಿ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ. ವಿಚ್ಛೇದನದ ಕೇಸಿಗೆ ಎಂ.ಸಿ. (ಮ್ಯಾಟ್ರಿಮೋನಿಯಲ್ ಕೇಸ್) ನಂಬರ್ ಬೀಳುತ್ತದೆ. ಜೊತೆಗೆ 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ನಂಬರ್ ಇರುತ್ತದೆ, ಅದನ್ನು ವಕೀಲರಿಂದ ಬರೆಸಿಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಹಾಕಿದರೆ ಮುಂದಿನ ಪೇಶಿ (ವಿಚಾರಣೆಯ ದಿನ) ಯಾವತ್ತು, ಹಿಂದಿನ ಪೇಶಿಯಲ್ಲಿ ಏನಾಯಿತು ಎಂಬುದು ಫೋನಿನಲ್ಲೇ ಕಾಣುತ್ತದೆ.

13ಬಿ ಅರ್ಜಿಗೆ ಇಬ್ಬರೂ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಮದುವೆ ನೋಂದಣಿ ಆಗಿಲ್ಲವೆಂದು ಹೆದರುವುದು ಬೇಡ. ಲಗ್ನಪತ್ರಿಕೆ, ತಾಳಿ ಕಟ್ಟುವ ಫೋಟೊ, ಇಬ್ಬರ ಆಧಾರ್ ಸಾಕಾಗುತ್ತವೆ. ತೊಡಕು ಬರುವುದು ಹೆಸರಿನಲ್ಲಿ. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಹೆಸರು, ಆಧಾರ್‌ನಲ್ಲಿ ಒಂದು, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು. ಅರ್ಜಿಯ ಮೊದಲ ಪುಟದಲ್ಲೇ 'ಉರ್ಫ್' ಹಾಕಿ ಎಲ್ಲ ಹೆಸರನ್ನೂ ಬರೆಸಿ. ಇಲ್ಲವಾದರೆ ಡಿಕ್ರಿ ಬಂದ ಮೇಲೆ ತಿದ್ದುಪಡಿಗೆ ಮತ್ತೊಂದು ಅರ್ಜಿ ಹಾಕಬೇಕಾಗುತ್ತದೆ.

ಅರ್ಜಿ ಕೊಟ್ಟ ದಿನದಿಂದ ಆರು ತಿಂಗಳ ನಂತರ, ಹದಿನೆಂಟು ತಿಂಗಳೊಳಗೆ ಇಬ್ಬರೂ ಮತ್ತೆ ಬಂದು 'ನಮ್ಮ ಒಪ್ಪಿಗೆ ಹಾಗೇ ಇದೆ' ಎಂದು ಹೇಳಬೇಕು. ಅಷ್ಟರಲ್ಲಿ ಮೀಡಿಯೇಷನ್‌ಗೂ ಕಳಿಸುತ್ತಾರೆ. ಆರು ತಿಂಗಳ ಕಾಯುವಿಕೆಯನ್ನು ಮನ್ನಾ ಮಾಡಲು ಸುಪ್ರೀಂ ಕೋರ್ಟ್ 2017ರ ಅಮರದೀಪ್ ಸಿಂಗ್ ತೀರ್ಪಿನಲ್ಲಿ ದಾರಿ ಮಾಡಿದೆ. ಬೇರೆಯಾಗಿ ಒಂದೂವರೆ ವರ್ಷ ಕಳೆದಿರಬೇಕು, ರಾಜಿ ಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ವಿಷಯ ಪೂರ್ತಿ ಬಗೆಹರಿದಿರಬೇಕು. ಇಷ್ಟಿದ್ದರೆ ಪ್ರತ್ಯೇಕ ಅರ್ಜಿ ಹಾಕಬಹುದು. ಮನ್ನಾ ಮಾಡುವುದು ನ್ಯಾಯಾಧೀಶರ ವಿವೇಚನೆ. ಡಿಕ್ರಿ ಆಗುವ ಮುಂಚೆ ಯಾರಾದರೂ ಒಬ್ಬರು ಒಪ್ಪಿಗೆ ಹಿಂತೆಗೆದುಕೊಂಡರೆ ಕೇಸು ಅಲ್ಲಿಗೇ ಬೀಳುತ್ತದೆ.

ಅದಕ್ಕೇ ಹಣದ ಕರಾರು ಸರಿಯಾಗಿ ಬರೆಸಬೇಕು. ಪೂರ್ತಿ ಹಣ ಮೊದಲೇ ಕೊಟ್ಟರೆ ಗಂಡನ ಕಡೆಯವರಿಗೆ ಭಯ, ಕೊನೆಗೆ ಕೊಡುತ್ತೇನೆ ಎಂದರೆ ಹೆಂಡತಿ ಕಡೆಯವರಿಗೆ ಭಯ. ಒಂದು ಭಾಗ ಅರ್ಜಿ ಹಾಕಿದಾಗ, ಉಳಿದದ್ದು ಕೊನೆಯ ಹೇಳಿಕೆಯ ದಿನ ನ್ಯಾಯಾಧೀಶರ ಮುಂದೆ, ಎರಡೂ ಡಿ.ಡಿ. ಮೂಲಕ ಎಂದು ಬರೆಸುವುದು ಇಬ್ಬರಿಗೂ ಕ್ಷೇಮ. ಡಿ.ಡಿ. ನಂಬರ್, ತಾರೀಖು, ಬ್ಯಾಂಕು ಕೋರ್ಟಿನ ಕಡತದಲ್ಲಿ ದಾಖಲಾಗಲಿ. ಡಿ.ಡಿ.ಗೆ ಮೂರೇ ತಿಂಗಳ ಆಯುಷ್ಯ. ಉಮೇದಿನಲ್ಲಿ ಬೇಗ ತೆಗೆಸಿಟ್ಟು, ಪೇಶಿ ಮುಂದೆ ಹೋಗಿ, ಕೊನೆಗೆ ಅವಧಿ ಮೀರಿದ ಡಿ.ಡಿ. ಹಿಡಿದುಕೊಂಡು ನಿಲ್ಲುವುದುಂಟು. ಪೇಶಿಯ ವಾರದಲ್ಲೇ ತೆಗೆಸಿ. ಕೈಗೆ ನಗದು ಕೊಡುವುದಂತೂ ಬೇಡವೇ ಬೇಡ. ಪರಸ್ಪರ ಹಾಕಿಕೊಂಡ ಬೇರೆ ಕೇಸುಗಳಿದ್ದರೆ ಒಂದೊಂದರ ನಂಬರ್ ಬರೆದು, ಯಾವುದು ಹೇಗೆ ಮುಗಿಯುತ್ತದೆ ಎಂದು ಸ್ಪಷ್ಟಪಡಿಸಿ. ಮಗುವಿನ ಜೀವನಾಂಶ ಬಿಟ್ಟುಕೊಡುತ್ತೇನೆ ಎಂದು ತಾಯಿ ಬರೆದುಕೊಟ್ಟರೂ ಅದು ಮಗುವನ್ನು ಕಟ್ಟಿಹಾಕುವುದಿಲ್ಲ, ಹಕ್ಕು ಮಗುವಿನದು.

ಒಪ್ಪಿಗೆ ಇಲ್ಲದ ಕೇಸು ಬೇರೆಯೇ ದಾರಿ. ಕ್ರೌರ್ಯ, ಎರಡು ವರ್ಷದ ಪರಿತ್ಯಾಗ, ವ್ಯಭಿಚಾರ ಹೀಗೆ ಕಲಂ 13ರಲ್ಲಿ ಹೇಳಿದ ಕಾರಣವನ್ನೇ ಸಾಬೀತು ಮಾಡಬೇಕು. 'ಹೊಂದಾಣಿಕೆ ಇಲ್ಲ' ಎಂಬುದು ಆ ಪಟ್ಟಿಯಲ್ಲಿಲ್ಲ. ಸಂಬಂಧ ಸರಿಪಡಿಸಲಾರದಷ್ಟು ಮುರಿದಿದೆ ಎಂಬ ಒಂದೇ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗಿದೆ, ನಮ್ಮ ಜಿಲ್ಲೆಯ ಕೋರ್ಟಿಗಿಲ್ಲ. ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು, ಅಸಾಧಾರಣ ಕಷ್ಟವಿದ್ದ ಹೊರತು, ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ.

ಇಂಥ ಕೇಸುಗಳು ಮೊದಲು ಎಡವುವುದು ನೋಟಿಸ್ ಜಾರಿಯಲ್ಲಿ. ಎದುರುದಾರ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿರುತ್ತಾನೆ, ಅರ್ಜಿಯಲ್ಲಿ ಊರಿನ ವಿಳಾಸ ಇರುತ್ತದೆ. ನೋಟಿಸ್ 'ಬಾಗಿಲು ಹಾಕಿದೆ' ಎಂದು ಹಿಂದಕ್ಕೆ ಬರುತ್ತದೆ, ಪೇಶಿ ಮೇಲೆ ಪೇಶಿ ಬೀಳುತ್ತದೆ. 'ತೆಗೆದುಕೊಳ್ಳಲು ನಿರಾಕರಿಸಿದರು' ಎಂಬ ಷರಾ ಬಂದರೆ ಜಾರಿಯಾದಂತೆಯೇ. ಬೀಗ ಹಾಕಿದ ಮನೆಯ ಷರಾ ಹಾಗಲ್ಲ. ಊರಿನ ವಿಳಾಸದ ಜೊತೆ ಕೆಲಸದ ಜಾಗದ ವಿಳಾಸವನ್ನೂ ಮೊದಲೇ ಕೊಡಿ. ಎಲ್ಲೂ ಸಿಗದಿದ್ದಾಗ ಕೋರ್ಟಿನ ಅನುಮತಿ ಪಡೆದು ಪತ್ರಿಕೆಯಲ್ಲಿ ಪ್ರಕಟಿಸಬಹುದು. ನೋಟಿಸ್ ಬಂದವರು ಕೋರ್ಟಿಗೆ ಬಾರದೆ ಬಿಟ್ಟರೆ ಎಕ್ಸ್‌ಪಾರ್ಟಿ ಡಿಕ್ರಿ, ಅಂದರೆ ಅವರ ಮಾತು ಕೇಳದೆಯೇ ಡಿಕ್ರಿ, ಆಗುತ್ತದೆ. ಅದನ್ನು ರದ್ದು ಮಾಡಿಸಲು ಡಿಕ್ರಿಯಾದ ದಿನದಿಂದ, ನೋಟಿಸ್ ಸರಿಯಾಗಿ ಜಾರಿಯಾಗದಿದ್ದರೆ ಡಿಕ್ರಿ ತಿಳಿದ ದಿನದಿಂದ, 30 ದಿನ.

ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಬರುವುದು ಕಲಂ 9ರ ನೋಟಿಸ್, 'ಬಂದು ಸಂಸಾರ ಮಾಡು' ಎನ್ನುವಂಥದ್ದು. ಇದೇನು ಡೈವರ್ಸ್ ಅಲ್ಲವಲ್ಲ ಎಂದು ತವರಿನವರು ಅದನ್ನು ಪೆಟ್ಟಿಗೆಯಲ್ಲಿಟ್ಟುಬಿಡುತ್ತಾರೆ. ಆ ಡಿಕ್ರಿಯಾಗಿ ಒಂದು ವರ್ಷ ಕೂಡಿ ಬಾಳದಿದ್ದರೆ ಅದೇ ವಿಚ್ಛೇದನಕ್ಕೆ ಕಾರಣವಾಗುತ್ತದೆ. ಯಾಕೆ ಮನೆ ಬಿಡಬೇಕಾಯಿತು ಎಂಬುದನ್ನು ತಕರಾರಿನಲ್ಲಿ ಬರೆದು ಹಾಕಲೇಬೇಕು.

ಇನ್ನು ಜೀವನಾಂಶ. ಎಂ.ಸಿ. ಕೇಸಿನೊಳಗೇ ಕಲಂ 24ರ ಮಧ್ಯಂತರ ಅರ್ಜಿ ಹಾಕಬಹುದು. ವಿಚ್ಛೇದನ ಬೇಡದವರು ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144ರಲ್ಲಿ ಕೇಳಬಹುದು; ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125 ಅದೇ, 2024ರ ಜುಲೈ 1ರಿಂದ ನಂಬರ್ ಬದಲಾಗಿದೆ. ಹೊಡೆತ-ಬಡಿತ ಇದ್ದಲ್ಲಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಇದಕ್ಕೆ ಸಂರಕ್ಷಣಾಧಿಕಾರಿ ಎಂದರೆ ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರಿಗೆ ದೂರು ಕೊಟ್ಟರೆ ವರದಿ ತಯಾರಿಸಿ ಕೋರ್ಟಿಗೆ ಕಳಿಸುತ್ತಾರೆ. ಎರಡು ಕಡೆ ಕೇಳಿದ್ದರೆ ಒಂದು ಕಡೆ ಸಿಕ್ಕದ್ದನ್ನು ಇನ್ನೊಂದರಲ್ಲಿ ಮುಚ್ಚಿಡಬಾರದು.

ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕೊಡಬೇಕು. ಆ ಪ್ರಮಾಣಪತ್ರದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಎರಡು ಬೆಳೆ ಭತ್ತ ತೆಗೆಯುವವನೂ 'ನಾನು ಕೂಲಿ' ಎಂದು ಬರೆಯುತ್ತಾನೆ. ಸುಮ್ಮನೆ ಸುಳ್ಳು ಎಂದರೆ ಪ್ರಯೋಜನವಿಲ್ಲ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ಆನ್‌ಲೈನಿನಲ್ಲೇ ಸಿಗುತ್ತದೆ. ಅದರಲ್ಲಿ ಮಾಲೀಕನ ಹೆಸರು, ವಿಸ್ತೀರ್ಣ, ಬೆಳೆ, ಸಾಲದ ಋಣಭಾರ ಎಲ್ಲ ಇರುತ್ತದೆ. ಜಮೀನು ಮಾವನ ಹೆಸರಲ್ಲಿದ್ದರೆ ವಂಶಾವಳಿ ಜೊತೆಗಿಡಿ. ಸಂಡೂರು ಕಡೆ ಗಣಿ ಲಾರಿ ಇಟ್ಟವನಾದರೆ ಲಾರಿಯ ಆರ್.ಸಿ., ನೌಕರನಾದರೆ ಸಂಬಳದ ಚೀಟಿಯನ್ನು ಹಾಜರುಪಡಿಸುವಂತೆ ಕೋರ್ಟಿನಿಂದ ಆದೇಶ ಕೇಳಬಹುದು. ವಾಟ್ಸ್ಆ್ಯಪ್ ಮೆಸೇಜು ಹಾಕುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಸರ್ಟಿಫಿಕೇಟ್ ಸಮೇತ ಹಾಕಿ, ಮೂಲ ಫೋನ್ ಕಳೆಯಬೇಡಿ.

ಆದೇಶವಾದರೂ ಹಣ ಬರದಿದ್ದಾಗ ಬಹಳ ಜನ ಒಟ್ಟಿಗೆ ಕೇಳೋಣ ಎಂದು ಕೂರುತ್ತಾರೆ. ಕಲಂ 144ರಲ್ಲಿ ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ಮಾತ್ರ ವಾರಂಟ್ ಹೊರಡುತ್ತದೆ. ಆರು ತಿಂಗಳಿಗೊಮ್ಮೆ ಹಾಕುವ ರೂಢಿ ಇಟ್ಟುಕೊಳ್ಳಿ.

ವಕೀಲರ ಫೀಸಿಗೆ ಹೆದರಿ ಬಾಂಡಿಗೆ ಮೊರೆಹೋಗುವವರು ಬಹಳ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಅಥವಾ ತಾಲೂಕು ಸಮಿತಿಯಲ್ಲಿ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಲೋಕ ಅದಾಲತ್‌ನಲ್ಲಿ ಜೀವನಾಂಶದ ರಾಜಿ ಆಗುತ್ತದೆ, ಮತ್ತೆ ಕೂಡಿ ಬಾಳುವ ರಾಜಿಯೂ ಆಗುತ್ತದೆ. ವಿಚ್ಛೇದನವನ್ನು ಮಾತ್ರ ಅಲ್ಲಿ ಕೊಡುವುದಿಲ್ಲ.

ಡಿಕ್ರಿಯಾದ ದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಿ, ಎರಡು ಪ್ರತಿ ತೆಗೆದುಕೊಳ್ಳಿ. ಕುಟುಂಬ ನ್ಯಾಯಾಲಯದ ಡಿಕ್ರಿಯ ಮೇಲ್ಮನವಿಗೆ ಬಳ್ಳಾರಿ, ಕೊಪ್ಪಳದವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಕುಟುಂಬ ನ್ಯಾಯಾಲಯಗಳ ಕಾಯ್ದೆಯಲ್ಲಿ ಅವಧಿ 30 ದಿನ, ಹಿಂದೂ ವಿವಾಹ ಕಾಯ್ದೆಯಲ್ಲಿ 90 ದಿನ. ಜಗಳದ ಕೇಸಿನಲ್ಲಿ ಡಿಕ್ರಿ ಪಡೆದವರು 90 ದಿನ ಕಳೆದು, ಮೇಲ್ಮನವಿ ಹಾಕಿಲ್ಲವೆಂದು ಇ-ಕೋರ್ಟ್ಸ್‌ನಲ್ಲಿ ಹೈಕೋರ್ಟ್ ವಿಭಾಗವನ್ನೂ ನೋಡಿಕೊಂಡ ಮೇಲೆಯೇ ಇನ್ನೊಂದು ಮದುವೆಯ ಮಾತು ತೆಗೆಯಬೇಕು.