ಮೂರನೆಯ ಸಲ ನಿಂತ ತೊಲೆಗಳು

ನಮ್ಮ ಪಡಸಾಲೆಯಲ್ಲಿ ಹನ್ನೆರಡು ಸಾಗವಾನಿ ಕಂಬಗಳಿವೆ. ಅವು ಈಗ ನಿಂತಿರುವುದು ಮೂರನೆಯ ಊರಿನಲ್ಲಿ. ಮೊದಲನೆಯ ಊರು ತುಂಗಭದ್ರೆಯ ದಂಡೆಯ ಮೇಲಿತ್ತು. 1945ರಲ್ಲಿ ಆರಂಭವಾದ ಅಣೆಕಟ್ಟೆಯ ಕೆಲಸ 1953ರ ಹೊತ್ತಿಗೆ ಮುಗಿದು ಹಿನ್ನೀರು ಏರತೊಡಗಿದಾಗ ಅದು ಮುಳುಗಿತು. ನಮ್ಮಜ್ಜ ಗೋಡೆಗಳನ್ನು ನೀರಿಗೆ ಬಿಟ್ಟು, ಕಂಬ, ತೊಲೆ, ಬೋದಿಗೆ (ಕಂಬಕ್ಕೂ ತೊಲೆಗೂ ನಡುವೆ ಕೂರುವ ಮರ), ಜಂತಿ (ತೊಲೆಗಳ ಮೇಲೆ ಅಡ್ಡ ಹಾಸುವ ಮರ), ತಲೆಬಾಗಿಲುಗಳನ್ನು ಬಿಚ್ಚಿ ಬಂಡಿಗಳಲ್ಲಿ ಹೇರಿಕೊಂಡು ಕೊಪ್ಪಳ ತಾಲ್ಲೂಕಿನ ಒಳಭಾಗದ ಹಳ್ಳಿಯೊಂದಕ್ಕೆ ಬಂದರು. ಮಣ್ಣು ಹೋದಲ್ಲೆಲ್ಲ ಸಿಗುತ್ತದೆ, ಮರ ಸಿಗುವುದಿಲ್ಲ ಎಂದು ಅವರು ಹೇಳುತ್ತಿದ್ದರಂತೆ. ಎರಡು ವರ್ಷಗಳ ಹಿಂದೆ ಅಣ್ಣತಮ್ಮಂದಿರು ಆ ಮನೆಯನ್ನು ಪಾಲು ಮಾಡಿಕೊಂಡಾಗ ಜಾಗ ಅವರಿಗೆ ಹೋಯಿತು, ಮರ ನನ್ನ ಪಾಲಿಗೆ ಬಂತು.

ಆ ಮರವನ್ನು ಘನ ಅಡಿಯ ಲೆಕ್ಕದಲ್ಲಿ ಕೊಳ್ಳಲು ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಲಾರಿಯನ್ನೇ ತಂದು ನಿಲ್ಲಿಸಿದ್ದರು. ನಾನು ಕೊಡಲಿಲ್ಲ. ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ತಗಡಿನ ಚಪ್ಪರದ ಕೆಳಗೆ, ಹೊರಗೆ ಒಂದು ಫಲಕವನ್ನೂ ಹಾಕದೆ, ಮಣ್ಣು ಹಾಸಿದ ಸಮತಟ್ಟು ಸೂರಿನ ಹಳೆಯ ಮಾಳಿಗೆ ಮನೆಗಳ ಮರವನ್ನು ಬಿಚ್ಚಿ ಮತ್ತೆ ಮನೆಯಾಗಿಯೇ ನಿಲ್ಲಿಸಿಕೊಡುವ ನಾಲ್ಕು ಜನರಿದ್ದಾರೆ ಎಂದು ಯಾರೋ ಹೇಳಿದರು. ಒಬ್ಬರು ಅರವತ್ತೆಂಟು ವರ್ಷದ ಹಿರಿಯ ಬಡಗಿ, ಇನ್ನೊಬ್ಬರು ಅವರ ಮಗಳು, ಮತ್ತೊಬ್ಬರು ತಂಗಿಯ ಮಗ. ನಾಲ್ಕನೆಯವರು ಇವರ ಸಂಬಂಧಿಯಲ್ಲ, ಮೂವತ್ತು ವರ್ಷಗಳಿಂದ ಜೊತೆಗಿರುವ ಗೌಂಡಿ, ಗೋಡೆ ಕಟ್ಟುವವರು. ವರ್ಷಕ್ಕೆ ಎರಡು ಮನೆಗಳಿಗಿಂತ ಹೆಚ್ಚಿನ ಕೆಲಸ ಹಿಡಿಯುವುದಿಲ್ಲ. ಕಿನ್ನಾಳದ ಚಿತ್ರಗಾರರ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಗುರುತು ಸಿಕ್ಕಿದೆ, ಅದು ನ್ಯಾಯವೇ. ಅದೇ ಜಿಲ್ಲೆಯಲ್ಲಿ ಸೂರು ಹೊರುವ ಮರವನ್ನು ಕೂಡಿಸುವವರನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ ಎಂಬ ನೋವು ನನಗಿದೆ. ಈ ಬರಹ ಅವರಿಗಾಗಿ.

ಹಿರಿಯರ ತಂದೆ ಆಯಗಾರರಾಗಿದ್ದರು. ಕೂರಿಗೆ, ಕುಂಟೆ, ನೇಗಿಲು, ಬಂಡಿಯ ಗಾಲಿಗಳನ್ನು ವರ್ಷವಿಡೀ ಮಾಡಿಕೊಟ್ಟು, ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನ ಕಣಕ್ಕೆ ಹೋಗಿ ಜೋಳದ ಆಯ ತರುವುದು ಅವರ ಬದುಕಾಗಿತ್ತು. ಮನೆ ಕಟ್ಟುವ ಕೆಲಸ ಆಯದೊಳಗೆ ಬರುತ್ತಿರಲಿಲ್ಲ, ಅದಕ್ಕೆ ಬೇರೆ ಕೂಲಿ. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆಯ ಕೆಲಸ ತಗ್ಗಿತು, ಕಬ್ಬಿಣದ ಕಿಟಕಿ ಬಂದ ಮೇಲೆ ಬಾಗಿಲಿನ ಕೆಲಸವೂ ತಗ್ಗಿತು. ಉಳಿದದ್ದು ಉಳಿ, ಬಾಚಿ, ಕೀಸುಳಿ, ಮತ್ತು ತಂದೆಯ ಕೈಯಿಂದ ಕಲಿತ ಕೂಡಿಕೆಗಳು.

ಅವರ ಈಗಿನ ಉದ್ಯೋಗ ಹುಟ್ಟಿದ್ದು 2009ರ ಮಳೆಯಿಂದ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ನಮ್ಮ ಕಡೆಯ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದದ್ದು ಎಲ್ಲರಿಗೂ ನೆನಪಿದೆ. ಹಿರಿಯರು ಆಗ ಓಣಿ ಓಣಿ ತಿರುಗಿ ನೋಡಿದರು. ಗೋಡೆಯೇ ಮಾಳಿಗೆಯನ್ನು ಹೊತ್ತಿದ್ದ ಮನೆಗಳಲ್ಲಿ ಗೋಡೆ ನೆನೆದೊಡನೆ ಮಾಳಿಗೆ ಜನರ ಮೇಲೆ ಬಿದ್ದಿತ್ತು; ಗೋಡೆಯ ಒಳಬದಿಯಲ್ಲಿ ಕಂಬಗಳಿದ್ದು, ಭಾರವೆಲ್ಲ ತೊಲೆಯಿಂದ ಬೋದಿಗೆಗೆ, ಬೋದಿಗೆಯಿಂದ ಕಂಬಕ್ಕೆ, ಕಂಬದಿಂದ ಅಡಿಗಲ್ಲಿಗೆ ಇಳಿಯುತ್ತಿದ್ದ ಮನೆಗಳಲ್ಲಿ ಗೋಡೆ ಕರಗಿ ಬಿದ್ದರೂ ಮಾಳಿಗೆ ಹಾಗೆಯೇ ನಿಂತಿತ್ತು. ಆದರೆ ಪರಿಹಾರದ ಹಣ ಬಂದ ಮೇಲೆ ಜನರು ಎರಡೂ ಬಗೆಯ ಮನೆಗಳನ್ನು ಒಂದೇ ಎಂದು ಬಗೆದು ಕೆಡವಿದರು, ಮರ ಲಾರಿ ಏರಿತು. ಆ ದಿನಗಳ ಮಾತು ಬಂದರೆ ಹಿರಿಯರ ದನಿ ಇಂದಿಗೂ ಗಡಸಾಗುತ್ತದೆ. "ಬಿಚ್ಚೋದು ತಪ್ಪಲ್ರೀ, ಒಡಿಯೋದು ತಪ್ಪು" ಎಂದು ಅವರು ನನಗೆ ಮೊದಲ ದಿನವೇ ಹೇಳಿದ್ದರು.

ಬಿಚ್ಚುವುದು ಎಂದರೇನು ಎಂಬುದನ್ನು ನಾನು ಹದಿನೇಳು ದಿನ ಕುಳಿತು ನೋಡಿದೆ. ಮೊದಲು ಮಾಳಿಗೆಯ ಮಣ್ಣು ಇಳಿಸಿದರು. ಪ್ರತಿ ವರ್ಷ ಮಳೆಗಾಲದ ಮುಂಚೆ ಸೋರದಿರಲೆಂದು ಹಾಕಿದ ಸವಳು ಮಣ್ಣು, ಅಂದರೆ ಉಪ್ಪಿನಂಶದ ಮಣ್ಣು, ಕೂಡುತ್ತ ಕೂಡುತ್ತ ಕೆಲವೆಡೆ ಒಂದೂವರೆ ಅಡಿ ದಪ್ಪವಾಗಿತ್ತು. ಮನೆಯನ್ನು ಕಾಯಲೆಂದು ನಾವು ಶ್ರದ್ಧೆಯಿಂದ ಹೇರಿದ ಮಣ್ಣೇ ತೊಲೆಗಳನ್ನು ಬಾಗಿಸಿತ್ತು ಎಂಬುದು ನನಗೆ ಅಂದು ತಿಳಿಯಿತು. ಆಮೇಲೆ ಜಂತಿ, ತೊಲೆ, ಬೋದಿಗೆ, ಕೊನೆಗೆ ಕಂಬ. ಎಲ್ಲಿಯೂ ಸುತ್ತಿಗೆಯ ಪೆಟ್ಟು ಮರಕ್ಕೆ ನೇರವಾಗಿ ತಾಗಲಿಲ್ಲ. ಕೊಡತಿಯಿಂದ (ಮರದ ಸುತ್ತಿಗೆಯಿಂದ) ಒಂದು ಜಾಲಿ ತುಂಡಿನ ಮೇಲೆ ಬಡಿದು, ಬೆಣೆಯನ್ನು ಅದು ಹೊಕ್ಕ ದಾರಿಯಲ್ಲಿಯೇ ಹಿಂದಕ್ಕೆ ತಳ್ಳಿದರು. ಆ ಕೂಡಿಕೆಗಳಲ್ಲಿ ಒಂದೇ ಒಂದು ಮೊಳೆ ಇರಲಿಲ್ಲ.

ಮೂರನೆಯ ದಿನ ತಂಗಿಯ ಮಗ ನನ್ನನ್ನು ಕೂಗಿ ಕರೆದರು. ಬೋದಿಗೆಯ ಒಳಮುಖದಲ್ಲಿ, ಕಂಬಕ್ಕೆ ಕೂರುವ ಜಾಗದಲ್ಲಿ, ಉಳಿಯಿಂದ ಕೆತ್ತಿದ ಗೀರುಗಳಿದ್ದವು: ಒಂದು, ಎರಡು, ಮೂರು, ಆಮೇಲೆ ಒಂದು ಅಡ್ಡಗೀರು. ಅದೇ ಗೀರು ಆ ಕಂಬದ ತಲೆಯ ಮೇಲೂ ಇತ್ತು. ಪಕ್ಕದಲ್ಲಿಯೇ ಡಾಂಬರಿನಲ್ಲಿ ಬರೆದ, ಅರ್ಧ ಅಳಿಸಿದ ಕನ್ನಡ ಅಂಕಿಗಳಿದ್ದವು. ಗೀರುಗಳು ಮನೆಯನ್ನು ಮೊದಲು ಕಟ್ಟಿದವರವು, ಅಂಕಿಗಳು ಅಣೆಕಟ್ಟೆಯ ಕಾಲದಲ್ಲಿ ಬಿಚ್ಚಿದವರವು. ಹಿರಿಯರು ತಮ್ಮ ಹೆಬ್ಬೆರಳಿನಿಂದ ಆ ಗೀರುಗಳನ್ನು ಒಂದೊಂದಾಗಿ ಸವರಿ, ಎಡಗೈಯವನು ಕೆತ್ತಿದ್ದಾನೆ ಎಂದರು. ಹೇಗೆ ತಿಳಿಯಿತು ಎಂದು ನಾನು ಕೇಳಿದೆ. ಗೀರಿನ ಯಾವ ದಂಡೆ ಕಡಿದಾಗಿದೆ, ಯಾವುದು ಇಳಿಜಾರಾಗಿದೆ ಎಂದು ಬೆರಳಿಟ್ಟು ತೋರಿಸಿದರು. ಹೆಸರಿಲ್ಲದ ಆ ಬಡಗಿಯ ಕೈಯನ್ನು ಇನ್ನೊಂದು ಕೈ ಗುರುತಿಸಿದ ಆ ಗಳಿಗೆಯಲ್ಲಿ ನಾನು ಮಾತನಾಡಲಾರದೆ ಹೋದೆ.

ಮೂರನೆಯ ಗುರುತು ಮಗಳದು. ಸಿವಿಲ್ ಡಿಪ್ಲೊಮಾ ಓದಿದ ಅವರು ಪ್ರತಿಯೊಂದು ಮರಕ್ಕೂ ಅಲ್ಯುಮಿನಿಯಂ ಬಿಲ್ಲೆ ಕಟ್ಟಿ, ಉದ್ದ, ದಪ್ಪ, ಬಿರುಕು, ಹುಳುಕು ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡರು. ಲೆಕ್ಕ ಅವರ ಕೈಯಲ್ಲಿದೆ, ಕಟ್ಟಡದ ಲೆಕ್ಕವೂ ಹಣದ ಲೆಕ್ಕವೂ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ 30 ಸೆಂಟಿಮೀಟರ್ ಮಣ್ಣಿದ್ದರೆ ಅದು ಒಣಗಿದ್ದಾಗಲೇ ಸುಮಾರು 500 ಕಿಲೋ ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. ಹೊಸ ಮನೆಯಲ್ಲಿ 15 ಸೆಂಟಿಮೀಟರಿಗಿಂತ ಹೆಚ್ಚು ಹಾಕಲು ಬಿಡುವುದಿಲ್ಲ ಎಂದು ಅವರು ಹಟ ಹಿಡಿದರು. ಅಷ್ಟು ತೆಳುವಾದರೆ ಬಿಸಿಲು ಇಳಿಯುತ್ತದೆ ಎಂದು ಗೌಂಡಿ ವಾದಿಸಿದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ. ಇಬ್ಬರೂ ಎರಡು ದಿನ ಮುನಿಸಿಕೊಂಡಿದ್ದು, ಕೊನೆಗೆ ಸೊಪ್ಪಿನ ಹಾಸನ್ನು ದಪ್ಪ ಮಾಡಿ ಮಣ್ಣನ್ನು ಕಡಿಮೆ ಮಾಡುವುದೆಂದು ಒಪ್ಪಿದರು. ಈಗ ಜಂತಿಗಳ ಮೇಲೆ ಒತ್ತೊತ್ತಾಗಿ ಸೀಳುಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಬಡಿದ ಮಣ್ಣು, ಎಲ್ಲಕ್ಕೂ ಮೇಲೆ ತೆಳುವಾಗಿ ಸವಳು ಮಣ್ಣು. ಪೈರಿಗೆ ಬಾರದ ಈ ಸವಳು ಮಣ್ಣು ಮಾಳಿಗೆಗೆ ಮಾತ್ರ ಬಂಗಾರ: ನೀರು ತಾಗಿದೊಡನೆ ಅದರ ಕಣಗಳು ಉಬ್ಬಿ ಹರಡಿಕೊಂಡು ಸಂದುಗಳನ್ನು ಮುಚ್ಚಿಬಿಡುತ್ತವೆ, ಉಳಿದ ನೀರು ಹರಿನಾಳಿಗೆಯಿಂದ ಹೊರಗೆ ಬೀಳುತ್ತದೆ.

ತಂಗಿಯ ಮಗ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಕೆಲವು ದಿನಗಳ ತರಬೇತಿ ಪಡೆದು ಬಂದವರು. ಮರದ ತೇವವನ್ನು ಅಳೆಯುವ ಪುಟ್ಟ ಯಂತ್ರವೊಂದು ಸದಾ ಅವರ ಜೇಬಿನಲ್ಲಿರುತ್ತದೆ. ಹಸಿ ಮರ ಒಣಗುವಾಗ ಉದ್ದಕ್ಕೆ ಅಷ್ಟಾಗಿ ಕುಗ್ಗದೆ ಅಡ್ಡಕ್ಕೆ ಕುಗ್ಗುತ್ತದೆ. ಆದ್ದರಿಂದ ಒಂದು ಮರದ ತುದಿಯಲ್ಲಿ ಕೆತ್ತಿದ, ಹಸಿಯಲ್ಲಿ ಬಿಗಿಯಾಗಿದ್ದ ನಾಲಿಗೆ ಒಣಗಿದ ಮೇಲೆ ಇನ್ನೊಂದು ಮರದಲ್ಲಿ ಅದಕ್ಕಾಗಿ ಕೊರೆದ ಗೂಡಿನಲ್ಲಿ ಸಡಿಲವಾಗುತ್ತದೆ. ಹೊಸದಾಗಿ ಬೇಕಾದ ಬೇವಿನ ಜಂತಿಗಳನ್ನು ತೇವ ಶೇಕಡಾ 12ರ ಆಸುಪಾಸಿಗೆ ಇಳಿಯುವವರೆಗೆ ಅವರು ಮುಟ್ಟಲಿಲ್ಲ, ನನ್ನ ಅವಸರಕ್ಕೂ ಸೊಪ್ಪು ಹಾಕಲಿಲ್ಲ. ಸೋದರಮಾವ ಯಂತ್ರವನ್ನು ನಂಬುವುದಿಲ್ಲ, ಮರವನ್ನು ತಟ್ಟಿ ಕೇಳುತ್ತಾರೆ. ನಾನಿದ್ದಷ್ಟು ದಿನ ಇಬ್ಬರ ಉತ್ತರವೂ ಒಂದೇ ಆಗಿತ್ತು.

ಕೂಡಿಕೆಯ ಒಂದು ಗುಟ್ಟನ್ನು ಹಿರಿಯರು ನನಗೆ ಕೈಯಾರೆ ಮಾಡಿ ತೋರಿಸಿದರು. ಗೂಡಿನಲ್ಲಿ ಬೆಣೆಗಾಗಿ ಕೊರೆದ ತೂತಿಗೂ ನಾಲಿಗೆಯಲ್ಲಿ ಕೊರೆದ ತೂತಿಗೂ ನೇರ ಹೊಂದಾಣಿಕೆ ಇರುವುದಿಲ್ಲ. ನಾಲಿಗೆಯ ತೂತು ಒಂದು ನೂಲಿನಷ್ಟು ನಾಲಿಗೆಯ ಬುಡದ ಕಡೆಗೆ ಸರಿದಿರುತ್ತದೆ. ಚೆನ್ನಾಗಿ ಒಣಗಿಸಿದ ಕರಿಜಾಲಿಯ ಬೆಣೆಯನ್ನು ಬಡಿದಾಗ ಅದು ಈ ಅಂತರವನ್ನು ಸರಿಪಡಿಸಲು ನಾಲಿಗೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ, ಎರಡು ಮರಗಳು ಒಂದಕ್ಕೊಂದು ಅಪ್ಪಿ ಕೂರುತ್ತವೆ. ಒಂದು ನೂಲೆಂದರೆ ಅಂಗುಲದ ಎಂಟನೆಯ ಒಂದು ಭಾಗ. ಎರಡು ನೂಲಾದರೆ ಬೆಣೆ ಮುರಿಯುತ್ತದೆ, ಅರ್ಧ ನೂಲಾದರೆ ಎಳೆತವೇ ಇರುವುದಿಲ್ಲ.

ಒಂದು ತೊಲೆಯ ತುದಿ, ಗೋಡೆಯೊಳಗೆ ಹುದುಗಿದ್ದ ಎರಡಡಿ, ಗೆದ್ದಲು ತಿಂದು ಟೊಳ್ಳಾಗಿತ್ತು. ಕಾಣುವ ಭಾಗವೆಲ್ಲ ಗಟ್ಟಿ, ಗಾಳಿಯಾಡದ ಭಾಗವೇ ಹಾಳು. ಅದನ್ನು ಕತ್ತರಿಸಿ ಬೇರೊಂದು ತುಂಡನ್ನು ಓರೆಗಚ್ಚಿನಲ್ಲಿ, ಅಂದರೆ ಎರಡೂ ತುದಿಗಳನ್ನು ಓರೆಯಾಗಿ ಕತ್ತರಿಸಿ, ಸೇರಿಸಿ, ಸೇರಿಸಿದ ಜಾಗ ಸರಿಯಾಗಿ ಬೋದಿಗೆಯ ಮೇಲೆ ಬರುವಂತೆ ಕೂರಿಸಿದರು. ಹೊಸ ಮನೆಯಲ್ಲಿ ಯಾವ ತೊಲೆಯ ತುದಿಯೂ ಗೋಡೆಯೊಳಗೆ ಹೋಗಿಲ್ಲ, ಎಲ್ಲ ಕಂಬಗಳೂ ಕುಷ್ಟಗಿ ಕಡೆಯ ಗ್ರಾನೈಟಿನ ಅಡಿಗಲ್ಲುಗಳ ಮೇಲೆ ನೆಲದಿಂದ ಒಂದು ಗೇಣು ಎತ್ತರದಲ್ಲಿವೆ.

ಸಾಲದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಂಕೊಂದು ಮಣ್ಣಿನ ಮಾಳಿಗೆಯ ಮನೆಗೆ ಸಾಲವಿಲ್ಲ ಎಂದಿತು. ಮಗಳು ಕಟ್ಟಡಗಳಲ್ಲಿ ಮರ ಬಳಸುವುದಕ್ಕಿರುವ ಭಾರತೀಯ ಮಾನಕ ಐಎಸ್ 883ರಂತೆ ತೊಲೆಗಳ ಲೆಕ್ಕವನ್ನೆಲ್ಲ ಬರೆದುಕೊಟ್ಟರೂ ಆ ಹಾಳೆಗಳನ್ನು ಯಾರೂ ತೆರೆದು ನೋಡಲಿಲ್ಲ. ಅದು ನನಗಿಂತ ಅವರಿಗೆ ಆದ ಅವಮಾನ, ನಾನದನ್ನು ಮರೆತಿಲ್ಲ. ಕೊನೆಗೆ ಹಿರಿಯರೇ ಸುಗ್ಗಿಗೆ ಕೊಡಿರಿ ಎಂದರು. ಮುಂಗಾರಿ, ಹಿಂಗಾರಿ ಹೀಗೆ ನಾಲ್ಕು ಸುಗ್ಗಿಗಳಲ್ಲಿ ನಾನು ಹಣ ತೀರಿಸುತ್ತಿದ್ದೇನೆ, ಇನ್ನೊಂದು ಉಳಿದಿದೆ.

ಕೆಲಸದ ನಡುವೆ ಒಂದು ಅಮಾವಾಸ್ಯೆ, ಉಳಿ ಹಿಡಿಯದ ದಿನ, ನಾವೆಲ್ಲ ಹಂಪಿಗೆ ಹೋಗಿದ್ದೆವು. ಅರಮನೆ ಆವರಣದಲ್ಲಿ ನೂರು ಕಂಬಗಳ ಸಭಾಂಗಣದ ಕಲ್ಲಿನ ಜಗತಿ ಇದೆ; ಕಂಬಗಳು ಮರದವಾಗಿದ್ದುದರಿಂದ ಈಗ ಉಳಿದಿರುವುದು ಅವು ಕೂರುತ್ತಿದ್ದ ನೆಲೆಗಳ ಸಾಲುಗಳು ಮಾತ್ರ. ಪ್ರವಾಸಿಗರು ಅಲ್ಲಿ ನಿಲ್ಲದೆ ಮಹಾನವಮಿ ದಿಬ್ಬದ ಕಡೆಗೆ ಹೋಗುತ್ತಿದ್ದರು. ಹಿರಿಯರು ಬಿಸಿಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಂದು ನೆಲೆಯನ್ನು ಗೇಣಿನಿಂದ ಅಳೆದರು, ಪಕ್ಕದ ನೆಲೆಯವರೆಗೆ ಹೆಜ್ಜೆ ಹಾಕಿದರು, ತುಟಿಯಲ್ಲಿಯೇ ಏನೋ ಲೆಕ್ಕ ಮಾಡಿದರು. ಇಷ್ಟು ಹತ್ತಿರ ಕಂಬ ಇಟ್ಟಿದ್ದಾರೆಂದರೆ ಮೇಲೆ ಬಹಳ ಭಾರ ಇತ್ತು ಎಂದು ಮಗಳಿಗೆ ಹೇಳಿದರು. ಹಿಂದಿರುಗುವಾಗ ಹೊಸಪೇಟೆಯವರೆಗೂ ಇಬ್ಬರೂ ಆ ಮಾಳಿಗೆ ಹೇಗಿದ್ದಿರಬಹುದೆಂದೇ ಮಾತಾಡಿದರು.

ಮನೆ ಒಪ್ಪಿಸುವ ದಿನ ಬೀಗದ ಕೈಯ ಜೊತೆಗೆ ಮಗಳು ಒಂದು ಹಾಳೆ ಕೊಟ್ಟರು. ಅದರಲ್ಲಿ ಮನೆಯ ನಕ್ಷೆ, ಪ್ರತಿ ಕೂಡಿಕೆಗೂ ಒಂದು ಅಂಕಿ, ಬಾಣದ ಗುರುತಿನಲ್ಲಿ ಬೆಣೆಯನ್ನು ಯಾವ ಕಡೆಯಿಂದ ತಳ್ಳಬೇಕೆಂಬ ಸೂಚನೆ, ಮತ್ತು ಮನೆಯನ್ನು ಬಿಚ್ಚಬೇಕಾಗಿ ಬಂದರೆ ಮೊದಲು ತೆಗೆಯಬೇಕಾದ ಮರದಿಂದ ಕೊನೆಯದರವರೆಗಿನ ಕ್ರಮ ಇದೆ. ಹಿರಿಯರು ಅದನ್ನು ತೆಗೆದುಕೊಂಡು, ಕಾಗದ ಎಷ್ಟು ದಿನ ಇದ್ದೀತು ಎಂದು ಹೇಳಿ, ಉಳಿ ಹಿಡಿದು ಏಣಿ ಹತ್ತಿ, ತಲೆಬಾಗಿಲ ಮೇಲಿನ ತೊಲೆಯ ಒಳಮುಖದಲ್ಲಿ, ಎಡಗೈಯವನ ಗೀರುಗಳ ಕೆಳಗೆ, ಅದೇ ಕ್ರಮದ ಮೊದಲ ಮೂರು ಅಂಕಿಗಳನ್ನು ಕೆತ್ತಿ ಇಳಿದರು. ಹಾಳೆಯನ್ನು ನಾನು ದೇವರ ಜಗಲಿಯ ಮಾಡದಲ್ಲಿ ಇಟ್ಟಿದ್ದೇನೆ.